ಬಿಚ್ಚಿಹೋದ ಗಂಟು

"ಕೈ ಬಿಡ್ರೀ! ನೀವ್ಯಾರು ನನ್ನ ಹಿಡ್ಕೊಳ್ಳೋಕೆ?"

ಮುದುಕರ ಕೂಗಿಗೆ ಯುದ್ಧಕಾಲದ ಸುರಂಗದ ಬಾಗಿಲಲ್ಲಿದ್ದ ಪ್ರವಾಸಿಗಳೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಪಕ್ಕದ ವೃದ್ಧೆ ಮಾತ್ರ ಹಿಡಿದ ತೋಳು ಬಿಡಲಿಲ್ಲ. ಗೈಡ್ ಹುಡುಗಿಗೆ ಅನುಮಾನ ಬಂತು. ಹಡಗಿನಿಂದ ಇಳಿದಾಗಿನಿಂದಲೂ ಇದೇ ಜಗ್ಗಾಟ.

"ಯಜಮಾನರಿಗೆ ಇಷ್ಟ ಇಲ್ದಿದ್ರೆ ನೆರಳಲ್ಲಿ ಕೂತಿರಲಿ ಅಜ್ಜಿ. ಕೆಳಗೆ ವಿಪರೀತ ಸೆಕೆ."

"ಇದಕ್ಕೋಸ್ಕರಾನೇ ಇಷ್ಟು ದೂರ ಬಂದಿದ್ದು ಕಣಮ್ಮಾ."

ಮುದುಕರ ಮಣಿಕಟ್ಟಿಗೆ ಒಂದು ಬಟ್ಟೆಪಟ್ಟಿ ಕಟ್ಟಿತ್ತು. ಅದರ ಇನ್ನೊಂದು ತುದಿ ಜೋತಾಡುತ್ತಿತ್ತು. ಗೈಡ್ ಅದರ ಬಗ್ಗೆ ಕೇಳಿದ್ದೇ ತಡ, ಅವರ ಸಿಟ್ಟು ಇಳಿಯಿತು.

"ಸೈರನ್ ಕೂಗಿದ ಕೂಡಲೇ ಅಮ್ಮ ನಮ್ಮಿಬ್ಬರ ಕೈಯನ್ನೂ ಸೇರಿಸಿ ಕಟ್ತಾಳೆ. ನನ್ನದು, ತಂಗಿ ಗುಬ್ಬಿದು. ಈ ಮೆಟ್ಟಿಲ ಮೇಲೆ ನೂಕುನುಗ್ಗಲು ನೋಡಿ, ಗಂಟು ಬಿಚ್ಚಿಹೋಯ್ತು. ಕೆಳಗೆ ಒಬ್ಬಳೇ ಕೂತು ಅಳ್ತಿರ್ತಾಳೆ. ಹಡಗು ಹೊರಡೋದರೊಳಗೆ ಕರ್ಕೊಂಡು ಹೋಗ್ಬೇಕು."

ಅವರ ಪಾಲಿಗೆ ಯುದ್ಧ ಇನ್ನೂ ಮುಗಿದಿರಲಿಲ್ಲ.

"ಆ ಮಗು ಸಿಗಲೇ ಇಲ್ವಾ ಅಜ್ಜಿ?" ಗೈಡ್ ಪಿಸುಗುಟ್ಟಿದಳು.

"ಸಿಕ್ಕಿದ್ಲು, ಮಾರನೇ ದಿನ ಬೆಳಿಗ್ಗೆ. ಇವರಿಗೆ ಅದು ನೆನಪಿಲ್ಲ."

ಹೇಗೆ ಸಿಕ್ಕಳು ಎಂದು ಕೇಳುವ ಧೈರ್ಯ ಗೈಡ್‌ಗೆ ಬರಲಿಲ್ಲ. ಸುಮ್ಮನೆ ಮುದುಕರ ಇನ್ನೊಂದು ತೋಳು ಹಿಡಿದಳು. ಕೊನೆಯ ಮೆಟ್ಟಿಲು ಎತ್ತರ, ಜೋಪಾನ ಎನ್ನಬೇಕು, ಅಷ್ಟರಲ್ಲಿ ವೃದ್ಧೆ ಅವರನ್ನು ತಡೆದು ನಿಲ್ಲಿಸಿಯಾಗಿತ್ತು.

ಕೆಳಗೆ ಗೋಡೆಯುದ್ದಕ್ಕೂ ಬೆಂಚುಗಳು. ಬಾಂಬಿಗೆ ಹೆದರಿ ಊರೇ ಇಲ್ಲಿ ಕೂತಿತ್ತಂತೆ. ಮುದುಕರು ಒಂದೊಂದು ಬೆಂಚಿನ ಅಡಿಯೂ ಬಗ್ಗಿ ನೋಡಿದರು. ಆಗ ನಕ್ಕಿದ್ದವರೇ ಈಗ ಮೊಬೈಲಿನ ಬೆಳಕು ಹಿಡಿದು ಜೊತೆಗೆ ಬಗ್ಗಿದರು.

"ನೀವಾದ್ರೂ ನೋಡಿದ್ರಾ ತಾಯೀ?" ಮುದುಕರು ವೃದ್ಧೆಯನ್ನೇ ಕೇಳಿದರು. "ಇಷ್ಟೆತ್ತರ ಇದ್ದಾಳೆ."

ವೃದ್ಧೆ ಗೋಡೆಯ ದೀಪದ ಕಡೆ ನೋಡಿದರು.

ಆ ಕಾಲದ ಜನ ಹೇಗೆ ಕೂತಿದ್ದರೆಂದು ತಿಳಿಯಲಿ ಎಂದು ಪ್ರತಿ ಗುಂಪಿಗೂ ಇಲ್ಲಿ ಸ್ವಲ್ಪ ಹೊತ್ತು ದೀಪ ಆರಿಸುವುದು ವಾಡಿಕೆ. ಇವತ್ತು ಗೈಡ್ ಹಿಂಜರಿದಳು.

"ಆರಿಸಮ್ಮಾ," ಎಂದರು ವೃದ್ಧೆ.

ಮೊಬೈಲುಗಳೂ ಆರಿದವು. ಕಗ್ಗತ್ತಲು.

"ಗುಬ್ಬೀ! ಎಲ್ಲಿದೀಯೇ?"

"ಇಲ್ಲೇ ಇದ್ದೀನಿ ಅಣ್ಣಾ."

"ಎಷ್ಟು ಹೊತ್ತು ಹುಡುಕೋದೇ, ಕತ್ತೆ! ಕೊಡು ಕೈ. ಅಮ್ಮ ಬೈತಾಳೆ." ಬಟ್ಟೆ ಸರಸರ ಅಂದಿತು. "ಬಿಗಿಯಾಯ್ತಾ? ನೋವಾಗ್ತಿದ್ಯಾ?"

"ಇಲ್ಲ ಅಣ್ಣಾ. ಇನ್ನೂ ಬಿಗಿಯಾಗಿ ಕಟ್ಟು."

ಗಂಡನ ಸಮಾಧಾನಕ್ಕೆ ಈ ವಯಸ್ಸಿನಲ್ಲಿ ಮಗುವಾಗುವ ಹೆಂಡತಿ! ಗೈಡ್ ಕಣ್ಣೊರೆಸಿಕೊಂಡು ಸ್ವಿಚ್ಚಿಗೆ ಕೈ ಚಾಚಿದಳು. ಕತ್ತಲಲ್ಲೇ ಒಂದು ಸುಕ್ಕುಗೈ ಅವಳನ್ನು ತಡೆಯಿತು.

"ಈಗಲೇ ದೀಪ ಹಾಕಬೇಡಮ್ಮಾ. ಬೆಳಕಲ್ಲಿ ನಮ್ಮಣ್ಣನಿಗೆ ನನ್ನ ಗುರುತು ಸಿಗಲ್ಲ."