ಒಂದು ಅಂಕ ಕಡಿಮೆ

“ಒಟ್ಟು ಹದಿನಾಲ್ಕು,” ಎಂದಳು ಕ್ಲಿನಿಕ್ಕಿನ ಹುಡುಗಿ, ವರುಣ್ ತುಂಬಿಕೊಟ್ಟ ಖಿನ್ನತೆಯ ಫಾರ್ಮಿನ ಅಂಕ ಕೂಡಿ ನೋಡಿ. “ಹದಿನೈದಾಗಿದ್ದರೆ ಈ ವಾರವೇ ಡಾಕ್ಟರನ್ನು ಕಾಣಬಹುದಿತ್ತು. ಈಗ ಐದು ತಿಂಗಳು ಕಾಯಬೇಕಾಗುತ್ತದೆ.”

ಚಂದ್ರಿಕಾ ತಮ್ಮನತ್ತ ತಿರುಗಿದಳು. ಲಂಡನ್ನಿನ ಹೊರವಲಯದ ಹೇಸ್‌ನ ಬಾಡಿಗೆ ಕೋಣೆಯಲ್ಲಿ ಪರದೆ ಎಳೆದುಕೊಂಡು ಅವನು ಮಲಗಿ ಆರು ವಾರವಾಗಿತ್ತು. ಕೆಲಸಕ್ಕೆ ಹೋಗುವುದನ್ನು ಬಿಟ್ಟಿದ್ದ, ಅಮ್ಮನ ಫೋನ್ ಎತ್ತುವುದನ್ನೂ ಬಿಟ್ಟಿದ್ದ. ಇವತ್ತು ಅವನ ಷೂ ಲೇಸನ್ನೂ ಅವಳೇ ಕಟ್ಟಿ ಕರೆತಂದಿದ್ದಳು.

“ಎಷ್ಟು ದಿನ ದುಃಖ ಆಯ್ತು ಅಂತ ಕೇಳಿದ್ರಲ್ಲ, ಅದಕ್ಕೇನು ಬರೆದೆ?” ಎಂದು ಕನ್ನಡದಲ್ಲಿ ಕೇಳಿದಳು.

“ಎರಡು ವಾರದಲ್ಲಿ ನಾಲ್ಕು ದಿನ ಅಂತ.”

“ನಾಲ್ಕೇನಾ?”

“ಉಳಿದ ದಿನ ಏನೂ ಅನ್ನಿಸ್ಲೇ ಇಲ್ಲ ಅಕ್ಕ. ಅದನ್ನ ದುಃಖ ಅಂತ ಹೇಗೆ ಬರೀಲಿ?”

ಹನ್ನೆರಡು ವರ್ಷದಿಂದ ಚಂದ್ರಿಕಾ ಲಂಡನ್ನಿನ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಇತಿಹಾಸ ಕಲಿಸುತ್ತಿದ್ದಳು. ಮನಸ್ಸನ್ನೂ ಅಳೆದು ತೋರಿಸುತ್ತೇವೆಂದು ನೂರೈವತ್ತು ವರ್ಷದ ಹಿಂದೆ ಹೊರಟವರ ಮೇಲೆ ಆಗಿನ ತತ್ತ್ವಜ್ಞಾನಿಗಳು ಹರಿಹಾಯ್ದದ್ದು ಅವಳ ಮೆಚ್ಚಿನ ಪಾಠ. ಎಷ್ಟು ಸಣ್ಣ ನೋವು ಕೂಡಿದರೆ ಒಂದು ದೊಡ್ಡ ನೋವಾಗುತ್ತದೆ ಎಂದು ಕೇಳಿ, ಅಳೆಯುವವರನ್ನು ಸೋಲಿಸಿಯೇ ಪ್ರತಿ ವರ್ಷ ಕ್ಲಾಸು ಮುಗಿಸುತ್ತಿದ್ದಳು.

ಈಗ ಮೇಜಿನ ಮೇಲೆ ಎರಡೂ ಕೈ ಊರಿ ಬಾಗಿದಳು. “ದಯವಿಟ್ಟು ಒಂದು ಅಂಕ ಸೇರಿಸಿ. ಇವನಿಗೆ ಪ್ರಶ್ನೆ ಸರಿಯಾಗಿ ಅರ್ಥವಾಗಿಲ್ಲ. ಒಂದೇ ಒಂದು.”

ಹುಡುಗಿಯ ಮುಖದಲ್ಲಿ ನಿಜವಾದ ಮರುಕವಿತ್ತು. “ನಾನು ತಿದ್ದುವ ಹಾಗಿಲ್ಲ. ಬೇಕಾದರೆ ಅವರೇ ಇನ್ನೊಮ್ಮೆ ತುಂಬಲಿ,” ಎಂದು ಹೊಸ ಫಾರ್ಮ್ ಮುಂದಿಟ್ಟಳು.

ಚಂದ್ರಿಕಾ ತಮ್ಮನ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದಳು. “ದಿನಾಲೂ ಅಂತ ಹಾಕೋ. ನನಗೋಸ್ಕರ ಹಾಕೋ.”

ವರುಣ್ ಹಾಳೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ಸದ್ದಾಗದಂತೆ ಪೆನ್ನು ಕೆಳಗಿಟ್ಟ. ಇಷ್ಟು ದಿನ ಏನೂ ಕಾಣದಿದ್ದ ಅವನ ಮುಖದಲ್ಲಿ ನಾಚಿಕೆ ಕಂಡಿತು.

“ಬೇಡ ಕಣಕ್ಕ. ನಿಜವಾಗ್ಲೂ ನೋವಿರೋರು ಎಷ್ಟೋ ಜನ ಕಾಯ್ತಿರ್ತಾರೆ. ಹದಿನಾಲ್ಕೇ ಅಂದ್ರೆ... ನಾನೇ ಸುಮ್ನೆ ದೊಡ್ಡದು ಮಾಡ್ಕೊಂಡಿದ್ದೀನೇನೋ.”