ಕಿವಿ ಮುಟ್ಟಿದ ಕೈ

ನನ್ನ ಮೊಮ್ಮಗಳ ಹೆಸರನ್ನು ಇವತ್ತು ಒಂದನೇ ತರಗತಿಗೆ ಹಚ್ಚಿ ಬಂದೆವು! ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ; ಅವಳ ಹೊಸ ಪಾಟಿ-ಬಳಪದ ವಾಸನೆಗೆ ಎಂಬತ್ತರ ದಶಕದ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ನಮ್ಮೂರು ವಳಕಮದಿನ್ನಿಯ ಶಾಲೆಯಲ್ಲಿ ಆಗ ವಯಸ್ಸಿಗೆ ಕಾಗದ ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿದಾಗ ಬೆರಳು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ. ಆ ವರ್ಷ ಸೇರದಿದ್ದರೆ, ಅವ್ವ ಭತ್ತದ ನಾಟಿಗೆ ಹೋದಾಗ ತಮ್ಮನನ್ನು ಎತ್ತಿಕೊಂಡು ನಾನು ಮನೆಯಲ್ಲೇ ಉಳಿಯಬೇಕಿತ್ತು. ಅಜ್ಜಿ ನನಗೆ ಎಣ್ಣೆ ಹಚ್ಚಿ, ನೆತ್ತಿಯ ಮೇಲೆ ದೊಡ್ಡ ಗಂಟು ಕಟ್ಟಿ, ಕನಕಾಂಬರ ಮುಡಿಸಿ ಶಾಲೆಗೆ ಕರೆದೊಯ್ದಳು. ನನ್ನ ಕೈ ಆ ಗಂಟನ್ನು ದಾಟಲಿಲ್ಲ.

"ಇನ್ನೂ ಸಣ್ಣಾಕಿ ಅದಾಳ, ಯಮ್ಮಾ. ಮುಂದಿನ ವರ್ಷ ಕರ್ಕೊಂಡು ಬಾ," ಎಂದರು ಮಾಸ್ತರರು.

ಅಜ್ಜಿ ಅವರನ್ನು ಅನುಮಾನದಿಂದ ನೋಡಿದಳು. "ಗೌಡ್ರ ಮೊಮ್ಮಗ ಇಕಿಗಿಂತ ಗಿಡ್ಡ ಅದಾನ. ಅವನ ಕೈ ಹೆಂಗ ಮುಟ್ಟಿತ್ರೀ?" ಎನ್ನುತ್ತಲೇ ನನ್ನ ಗಂಟನ್ನು ಸರಸರ ಬಿಚ್ಚಿದಳು. ಎಣ್ಣೆಗೂದಲ ಮೇಲೆ ಕೈ ಜಾರಿತು, ಬೆರಳ ತುದಿ ಕಿವಿಗೆ ತಾಗಿತು.

ಈಗ ಅನುಮಾನ ಮಾಸ್ತರರಿಗೆ. "ಕುತ್ತಿಗಿ ಡೊಂಕು ಮಾಡಿದಿ. ನೆಟ್ಟಗ ನಿಂದ್ರಬೇ!"

ಅಜ್ಜಿ ಹಿಂದೆ ಬಂದು ನನ್ನ ಮೊಣಕೈಗೆ ಅಂಟಿದಂತೆ ನಿಂತಳು. ಮೊಣಕೈಯನ್ನು ಹಿಂದಿನಿಂದ ತುಸು ಒತ್ತಿದಂತಾಗಿ ಬೆರಳು ಮತ್ತೆ ತಾಗಿತು. ಮಾಸ್ತರರು ಹೆಸರು ಬರೆದುಕೊಂಡರು.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತಾಗ ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅಜ್ಜಿಯನ್ನು ಕೇಳಿದ: "ಯವ್ವಾ, ಖರೇ ಹೇಳು, ಇಕಿಗಿ ಆರು ತುಂಬ್ಯಾವೇನು?"

"ಸಾಲಿಗಿ ಹೋಗಾಕ ಎಷ್ಟು ಬೇಕೋ ಅಷ್ಟು ತುಂಬ್ಯಾವ. ನೀ ಸುಮ್ಮ ಉಣ್ಣು," ಎಂದು ಅಜ್ಜಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.