ಉದ್ದನೆಯ ಗದ್ದುಗೆ

ನಾಹಿದಾ ಚೀಲದಿಂದ ಟೇಪು ತೆಗೆದು ಗದ್ದುಗೆಯ ಒಂದು ತುದಿಗೆ ಹಿಡಿದಾಗ ಗುರುಬಸವ ಹತ್ತಿರ ಬಂದು ನಿಂತ. ಮುತ್ತಜ್ಜನ ಸಮಾಧಿಯನ್ನು ಈವರೆಗೆ ಯಾರೂ ಹೀಗೆ ಅಳೆದಿರಲಿಲ್ಲ.

"ಆರು ಫೂಟಿನ ಮ್ಯಾಲ ಐತಿ," ಎಂದು ಅವಳು ಬರೆದುಕೊಂಡಳು. "ನಿಮ್ಮ ಹೊಲದಾಗಿನ ಉಳದ ಗದ್ದಿಗಿ ಎಲ್ಲಾ ಚೌಕ ಅದಾವಲ್ರಿ ಕಾಕಾ. ಇದೊಂದ ಯಾಕ ಉದ್ದ?"

"ಉಳದಾವರನ್ನ ನಮ್ಮ ಪದ್ಧತಿಯಂಗ ಕೂಡ್ರಿಸಿ ಮಣ್ಣ ಮಾಡ್ಯಾರ್ರಿ. ಇಂವ ಸಿಪಾಯಿ. ಪಲ್ಟನ್ನಿನ್ಯಾಗ ಮಲಗಿಸೇ ಹುಗೀತಾರ. ಇದಕಿಂತ ಪುರಾವೆ ಏನ ಬೇಕ್ರಿ?"

ಅವಳು ಅದನ್ನೂ ಬರೆದುಕೊಂಡಳು. ಗುರುಬಸವ ಕೈಗಡಿಯಾರ ನೋಡಿಕೊಂಡ. ಮೂರೂವರೆ.

ಉಪ್ಪಿನಬೆಟಗೇರಿಯಿಂದ ಮೊದಲನೆಯ ಮಹಾಯುದ್ಧಕ್ಕೆ ಹೋದವರ ಹೆಸರು ಕೆತ್ತಿಸಿ ಊರಲ್ಲಿ ಒಂದು ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ದಾಖಲೆ ಇದ್ದವರ ಹೆಸರು ಮಾತ್ರ. ಐದು ಗಂಟೆಗೆ ಪಟ್ಟಿ ಕಲ್ಲುಕುಟಿಗನ ಕೈ ಸೇರಬೇಕು. ಹೆಸರುಗಳನ್ನು ತಾಳೆ ನೋಡುವ ಕೆಲಸ ನಾಹಿದಾಳದು. ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತ, ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಪರವೂರ ಹುಡುಗಿ. ಯಾರೂ ಕರೆಯದಿದ್ದರೂ ತಾನಾಗಿಯೇ ಬಂದು ಈ ಹೊಣೆ ಹೊತ್ತಿದ್ದಳು. ಅದೇ ಗುರುಬಸವನಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ.

ಎರಡು ವರ್ಷದಿಂದ ಅವನು ಮುತ್ತಜ್ಜ ಮಡಿವಾಳಪ್ಪನ ಬೆನ್ನು ಹತ್ತಿದ್ದ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಪಂಪು ಕಾರ್ಖಾನೆ ಕೊಟ್ಟ ರಜೆಯನ್ನೆಲ್ಲ ಇದಕ್ಕೇ ಸುರಿದಿದ್ದ. ಬೆಳಗಾವಿಗೆ ಹೋದ, ಪುಣೆಗೆ ಹೋದ, ದಿಲ್ಲಿಗೆ ಕಾಗದ ಬರೆದ. ಯುದ್ಧ ಮುಗಿಸಿ ಮನೆಗೆ ಮರಳಿದವರ ಪಟ್ಟಿಗಳನ್ನು ಕಣ್ಣು ಉರಿಯುವವರೆಗೆ ಓದಿದ. ಮಡಿವಾಳಪ್ಪನ ಹೆಸರು ಎಲ್ಲಿಯೂ ಇರಲಿಲ್ಲ.

ಕಲ್ಲು ನಿಲ್ಲಿಸುವ ಸಮಿತಿಯ ಅಧ್ಯಕ್ಷರಾದ ಶಾಂತಯ್ಯ ಮಾಸ್ತರಿಗೆ ಇದು ಹಬ್ಬವಾಗಿತ್ತು. "ನಿಮ್ಮ ಮುತ್ತಜ್ಜ ಮುಂಬೈ ಗಿರಣ್ಯಾಗ ದುಡದು, ಬರೂ ಮುಂದ ಸಂತ್ಯಾಗ ಒಂದ ಖಾಕಿ ಕೋಟ ಕೊಂಡಿರಬೇಕ ತಗೋ," ಎಂದು ಚಹಾದಂಗಡಿಯಲ್ಲಿ ನಾಲ್ಕು ಜನರೆದುರು ನಕ್ಕಿದ್ದರು. ಆ ನಗುವನ್ನು ಗುರುಬಸವ ಇನ್ನೂ ಮರೆತಿರಲಿಲ್ಲ. ಹೆಸರು ಕಲ್ಲಿನ ಮೇಲೆ ಬರದಿದ್ದರೆ ಅವನ ಮನೆತನ ನೂರು ವರ್ಷ ಸುಳ್ಳು ಹೇಳಿಕೊಂಡು ಬಂದಂತೆ.

ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಕಥೆ ಇಷ್ಟೇ. ಯುದ್ಧ ಮುಗಿದ ವರ್ಷ ಜ್ವರದ ಬೇನೆಗೆ ಹೆದರಿ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಒಂದು ಸಂಜೆ ಖಾಕಿ ಕೋಟು ತೊಟ್ಟ ಸಿಪಾಯಿ ಹತ್ತಿಯ ಹೊಲ ಹಾಯ್ದು ಈ ಹೊಲದ ಗುಡಿಸಲಿಗೆ ಬಂದದ್ದನ್ನು ದೂರದಿಂದ ಕಂಡವರಿದ್ದರು. ಬಂದವನು ಜ್ವರ ಹೊತ್ತೇ ಬಂದಿದ್ದ. ಕಣ್ಣು ಕಾಣದ ಮುದಿತಾಯಿ 'ಬಂದ್ಯಾ ಮಗನ' ಎನ್ನುತ್ತ ಮೂರು ದಿನವೂ ಅವನ ಕೈ ಹಿಡಿದೇ ಕುಳಿತಿದ್ದಳಂತೆ. ನಾಲ್ಕನೆಯ ದಿನ ಸತ್ತ. ಬೇನೆಯ ಮನೆಗೆ ಯಾರು ಬರುತ್ತಾರೆ? ಹೆಂಡತಿ ಒಬ್ಬಳೇ ಗುಂಡಿ ತೋಡಿ ಮಣ್ಣು ಮಾಡಿದಳು. ಆ ಗಡಿಬಿಡಿಯಲ್ಲಿ ಇಷ್ಟಲಿಂಗವನ್ನು ಅವನ ಅಂಗೈಯಲ್ಲಿ ಇಡುವುದನ್ನೂ ಮರೆತಳು. ಲಿಂಗವಿದ್ದ ಆ ಬೆಳ್ಳಿಯ ಕರಡಿಗೆ ಇಂದಿಗೂ ದೇವರ ಜಗಲಿಯ ಮೇಲಿದೆ.

ಬೇವಿನ ಮರದ ಕೆಳಗೆ ಗುರುಬಸವನ ಅಜ್ಜಿ ಸಂಗವ್ವ ಕುಳಿತಿದ್ದಳು. ಮಡಿವಾಳಪ್ಪನ ಸೊಸೆ, ತೊಂಬತ್ತು ದಾಟಿದಾಕೆ. ನಾಹಿದಾ ಅವಳ ಹತ್ತಿರ ಮೊಣಕಾಲೂರಿ ಕುಳಿತಳು.

"ಆಯೀ, ತಲಿ ಯಾವ ಕಡೆ ಮಾಡ್ಯಾರ್ರಿ?"

"ಉತ್ತರಕ್ಕವಾ. ನಮ್ಮತ್ತಿ ತೋರಿಸಿದ್ಲು. ಈ ಗದ್ದಿಗಿಗೆ ವಿಭೂತಿ ಹಚ್ಚಬ್ಯಾಡ, ಊದಿನ ಹೊಗಿ ಹಾಕು ಸಾಕು ಅಂದಿದ್ಲು."

"ಯಾಕಂತ?"

"ಅಂವ ಸಾಯೂ ಮುಂದ ಹಂಗ ಕೇಳಿಕೊಂಡಿದ್ನಂತ. ಸಿಪಾಯಿ ಮಂದೀದು ಏನೇನ ಇರತೈತೋ."

ನಾಹಿದಾ ಹಾಳೆಯ ಮೇಲೆ ಪೆನ್ನು ಊರಿದಳು. ಹೆಸರಿನ ಮೇಲೆ ಗೀಟು ಎಳೆಯುತ್ತಾಳೆ ಎಂದುಕೊಂಡ ಗುರುಬಸವ ಒಂದು ಹೆಜ್ಜೆ ಮುಂದೆ ಬಂದ.

"ಏನ ಬರಿಯಾಕತ್ತೀರಿ ಮೇಡಂ? ಹೇಳೂದಿದ್ರ ನನ್ನ ಮುಂದ ಹೇಳ್ರಿ."

"ಕಾಕಾ, ನೀವು ಎರಡು ವರ್ಷ ಬ್ಯಾರೆ ಪಟ್ಟಿ ಓದೀರಿ. ತಿರಗಿ ಬಂದಾವರದ್ದು."

"ಮತ್ಯಾವುದ ಓದಬೇಕಿತ್ತು? ತಿರಗಿ ಬಂದಾನಲ್ರಿ. ಇಲ್ಲೇ ಮಲಗ್ಯಾನ."

ಅವಳು ಚೀಲದಿಂದ ಒಂದು ಹಾಳೆ ತೆಗೆದುಕೊಟ್ಟಳು. ಸೈನ್ಯದ ಹಳೆಯ ದಫ್ತರದ ನಕಲು. ಗುರುಬಸವ ಬೆರಳಿಟ್ಟು ಓದಿದ. ಮಡಿವಾಳಪ್ಪ, ಹೇಸರಗತ್ತೆಗಳ ತುಕಡಿ. ಊರು ಉಪ್ಪಿನಬೆಟಗೇರಿ. ತಂದೆಯ ಹೆಸರೂ ಸರಿ. ಅವನ ಕಣ್ಣು ತುಂಬಿ ಬಂತು. ಶಾಂತಯ್ಯ ಮಾಸ್ತರ ಬಾಯಿ ಮುಚ್ಚಿಸಲು ಇನ್ನೇನು ಬೇಕು? ಕೆಳಗಿನ ಸಾಲಿಗೆ ಬೆರಳು ಸರಿಯಿತು. ಸಾವಿರದ ಒಂಬೈನೂರ ಹದಿನೇಳರಲ್ಲಿ ಇರಾಕಿನ ಬಸ್ರಾದ ಆಸ್ಪತ್ರೆಯಲ್ಲಿ ಮರಣ. ದಫನು ಅಲ್ಲಿಯೇ. ಒಂದು ಬೆಳ್ಳಿಯ ಕರಡಿಗೆಯನ್ನು ಮನೆಗೆ ಮುಟ್ಟಿಸಲು ಅದೇ ತುಕಡಿಯ ಜೊತೆಗಾರನ ಕೈಯಲ್ಲಿ ಕೊಡಲಾಗಿದೆ.

ಅವನು ಆ ಸಾಲನ್ನು ಮೂರು ಸಲ ಓದಿದ.

"ಅವರ ಹೆಸರು ಕಲ್ಲಿನ ಮ್ಯಾಲ ಮೊದಲನೇದ ಬರತೈತಿ ಕಾಕಾ," ಎಂದಳು ನಾಹಿದಾ. "ಅದನ್ನ ನಿನ್ನೇನ ಬರದೇನಿ. ಇವತ್ತ ನಾ ಬಂದದ್ದು ಅದಕ್ಕಲ್ಲ."

"ಮತ್ತ ನಾವು ಇಷ್ಟು ವರ್ಷ ಪೂಜಾ ಮಾಡಿದ್ದು ಯಾರಿಗೆ?" ಗುರುಬಸವ ಗದ್ದುಗೆಯತ್ತ ತಿರುಗಿದ. "ಇಲ್ಲಿ ಮಲಗಿದಾಂವ ಯಾರ್ರಿ?"

ನಾಹಿದಾ ಚಪ್ಪಲಿ ಕಳಚಿ, ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು, ಆ ಉದ್ದನೆಯ ಮಣ್ಣಿನ ಮೇಲೆ ಅಂಗೈ ಊರಿದಳು.

"ಖಾಜಾಸಾಬ ಮುತ್ತಜ್ಜಾ, ಗೆಳೆಯಾನ ಮನಿಗೆ ಸುದ್ದಿ ಮುಟ್ಟಿಸಿ ಬರತೇನಿ ಅಂತ ಮುಂಬೈಯಿಂದ ಕಾಗದ ಹಾಕಿದ್ರಿ, ಸವಣೂರಾಗ ನಮ್ಮ ಮನಿಮಂದಿ ಇನ್ನೂ ನಿಮ್ಮ ಹಾದಿ ನೋಡಾಕತ್ತಾರ್ರಿ."